ಪೆಕೊರಿನೊ: ‘ಪುಟ್ಟ ಕುರಿ’ಯೋ, ‘ಕುರಿಯದು’ ಎಂದೋ?

ಇಟಲಿಯ ಗಟ್ಟಿ ಚೀಸ್ ಪೆಕೊರಿನೊದ ಹೆಸರನ್ನು ‘ಪುಟ್ಟ ಕುರಿ’ ಎಂದು ಬಿಡಿಸುವವರಿದ್ದಾರೆ. ಅದನ್ನು ನಾನು ಒಪ್ಪುವುದಿಲ್ಲ. ‘-ಇನೊ’ ಪ್ರತ್ಯಯಕ್ಕೆ ಕಿರಿದು ಎಂಬ ಅರ್ಥವಿರುವುದು ನಿಜ. ಗಾತ್ತೊ ಎಂದರೆ ಬೆಕ್ಕು, ಗಾತ್ತಿನೊ ಬೆಕ್ಕಿನ ಮರಿ. ಆದರೆ ‘ಅದಕ್ಕೆ ಸೇರಿದ್ದು’ ಎನ್ನಲೂ ಅದೇ ಪ್ರತ್ಯಯ ಬರುತ್ತದೆ. ಮೇಕೆ ಅಂದರೆ ಕಾಪ್ರ, ಮೇಕೆ ಹಾಲಿನ ಚೀಸ್ ಕಪ್ರಿನೊ. ಹಾಗೆಯೇ ಪೆಕೊರ ಎಂದರೆ ಕುರಿ, ಪೆಕೊರಿನೊ ಎಂದರೆ ಕುರಿಯದು. ಕುರಿಮರಿಗೆ ಅವರಲ್ಲಿ ಅನ್ಯೆಲ್ಲೊ ಎಂಬ ಬೇರೆಯೇ ಮಾತಿದೆ.

ಹೀಗಾಗಿ ಇದು ಒಂದೇ ಚೀಸಿನ ಹೆಸರೂ ಅಲ್ಲ. ಸಾರ್ದೊ, ತೊಸ್ಕಾನೊ, ಸಿಚಿಲಿಯಾನೊ ಎಂದು ಸೀಮೆಗೊಂದು ಪೆಕೊರಿನೊ ಇದೆ. ಹೆಚ್ಚು ಹೆಸರಾದದ್ದು ಪೆಕೊರಿನೊ ರೊಮಾನೊ. ಹೆಸರು ರೋಮಿನದಾದರೂ ಈಗ ಅದರ ಬಹುಪಾಲು ತಯಾರಾಗುವುದು ಸಾರ್ಡಿನಿಯಾ ದ್ವೀಪದಲ್ಲಿ. ಕನಿಷ್ಠ 5 ತಿಂಗಳು, ತುರಿಯುವುದಕ್ಕಾದರೆ 8 ತಿಂಗಳು ಮಾಗಿಸುತ್ತಾರೆ. ಉಪ್ಪು ಚುರುಕಾಗಿ ನಾಲಗೆಗೆ ತಾಗುತ್ತದೆ. ಇದರ ತುರಿಯೂ ಕಾಳುಮೆಣಸೂ ಇದ್ದರೆ ಪಾಸ್ತಾಕ್ಕೆ ಬೇರೆ ವ್ಯಂಜನವೇ ಬೇಡ.

ನನ್ನನ್ನು ಹಿಡಿದು ನಿಲ್ಲಿಸಿದ್ದು ‘ಪೆಕೊರ’. ಲ್ಯಾಟಿನ್‌ನಲ್ಲಿ ಕುರಿಗೆ ‘ಓವಿಸ್’ ಎಂಬ ಪದವಿತ್ತು. ಸಂಸ್ಕೃತದ ‘ಅವಿ’ ಅದರ ಒಡಹುಟ್ಟು. ಇಟಾಲಿಯನ್ ಅದನ್ನು ಬದಿಗಿಟ್ಟು, ಸಾಕುಪ್ರಾಣಿಗಳ ಮಂದೆಯನ್ನು ಹೇಳುವ ‘ಪೆಕುಸ್’ ಪದದ ಬಹುವಚನವಾದ ‘ಪೆಕೊರ’ವನ್ನೇ ಸ್ತ್ರೀಲಿಂಗದ ಏಕವಚನವಾಗಿಸಿ ಕುರಿಗೆ ಕಟ್ಟಿತು. ಈ ಪೆಕುಸ್ ನಮ್ಮ ‘ಪಶು’ವಿನ ದಾಯಾದಿ. ಅಲ್ಲಿ ಕುರಿಗೇ ಮೀಸಲಾದ ಪದ, ಇಲ್ಲಿ ‘ಪಶುವೈದ್ಯ’, ‘ಪಶುಸಂಗೋಪನೆ’ಗಳಲ್ಲಿ ಇನ್ನೂ ಎಲ್ಲ ಸಾಕುಪ್ರಾಣಿಗಳನ್ನೂ ಒಳಗೊಂಡಿದೆ.

ಪೆಕುಸ್‌ನಿಂದಲೇ ಲ್ಯಾಟಿನ್‌ನಲ್ಲಿ ಹಣಕ್ಕೆ ‘ಪೆಕೂನಿಯ’ ಎಂಬ ಪದ ಹುಟ್ಟಿತು. ನಮ್ಮಲ್ಲಿ ನಡೆದದ್ದು ಇದರ ತಿರುಗುಮುರುಗು: ಸಂಪತ್ತೆಂಬ ಅರ್ಥದ ‘ಧನ’ ತದ್ಭವವಾಗಿ ‘ದನ’ವಾಯಿತು, ಕೊಟ್ಟಿಗೆ ಸೇರಿತು. ಅಲ್ಲಿ ಮಂದೆಯೇ ಹಣವಾಯಿತು, ಇಲ್ಲಿ ಹಣವೇ ಮಂದೆಯಾಯಿತು. ಎಷ್ಟು ಚೆಂದದ ಜೋಡಿ!

ಈಗ ನನ್ನ ಪ್ರಶ್ನೆ. ‘ದನ’ ಎಂದರೆ ನಾನು ಕೇಳಿರುವಂತೆ ಹಸು, ಎತ್ತು, ಹೋರಿ, ಕರು. ನಿಮ್ಮ ಸೀಮೆಯಲ್ಲಿ ಎಮ್ಮೆ, ಕೋಣಗಳೂ ಅದರಲ್ಲಿ ಸೇರುತ್ತವೆಯೇ? ‘ದನ ಮೇಯಿಸಲು ಹೋದ’ ಎಂದಾಗ ಮಂದೆಯಲ್ಲಿ ಕುರಿ, ಮೇಕೆಗಳೂ ಇರಬಹುದೇ? ಊರಿನ ಬಳಕೆಯನ್ನು ಒಂದೆರಡು ವಾಕ್ಯಗಳ ಸಮೇತ ತಿಳಿಸಿದರೆ ಉಪಕಾರವಾಗುತ್ತದೆ.