ಓದುಗರ ಸ್ಪಂದನ: ‘ಅಪ್ಪನೂ ನೋಡ್ತಾರಲ್ಲ!’

ಐದನೇ ತರಗತಿಯ ಮಗ ಶಾಲೆಯಿಂದ ಬಂದವನೇ ಮೊಬೈಲ್ ಹಿಡಿಯುತ್ತಾನೆ, ಬೈದರೆ ‘ಅಪ್ಪನೂ ನೋಡ್ತಾರಲ್ಲ’ ಎನ್ನುತ್ತಾನೆ, ಆಟಕ್ಕೆ ಕಳಿಸುವುದು ಹೇಗೆ ಎಂದು ತುಮಕೂರಿನ ತಾಯಿಯೊಬ್ಬರು ಕೇಳಿದ್ದರು. ‘ಮಗಳದ್ದೇನೂ ತೊಂದರೆಯಿಲ್ಲ, ಮನೆಯಲ್ಲೇ ಇದ್ದು ಕೆಲಸಕ್ಕೆ ಕೈಜೋಡಿಸುತ್ತಾಳೆ’ ಎಂದೂ ಬರೆದಿದ್ದರು. ಬಂದ ಪತ್ರಗಳಲ್ಲಿ ಕೆಲವು ಇಲ್ಲಿವೆ. –ಸಂ.

ತುತ್ತಿಗೊಂದು ಕಾರ್ಟೂನ್ ತೋರಿಸಿ ಉಣ್ಣಿಸಿದವರು ಯಾರು? ಈಗ ದೂರು ಮಾತ್ರ ಮಗುವಿನ ಮೇಲೆ!
–ನಿವೃತ್ತ ದೈಹಿಕ ಶಿಕ್ಷಕ, ಹಾಸನ

ಅಕ್ಕಾ, ಮಗನ ವಿಷಯ ಬಿಡಿ, ಅದನ್ನು ಎಲ್ಲರೂ ಬರೆಯುತ್ತಾರೆ. ನನಗೆ ಚುಚ್ಚಿದ್ದು ಮಗಳ ಬಗೆಗಿನ ಆ ಒಂದು ಸಾಲು. ಏಳನೇ ತರಗತಿಯವರೆಗೆ ನಾನು ಶಾಲೆಯ ಖೊಖೊ ತಂಡದಲ್ಲಿದ್ದೆ. ಕಂಬದ ಪಕ್ಕದ ಚೌಕ ನನ್ನದು. ಬೆನ್ನಿಗೆ ‘ಖೋ’ ಬಿದ್ದರೆ ಸಾಕು, ಎದುರಾಳಿ ಕಂಬ ಸುತ್ತುವಷ್ಟರಲ್ಲಿ ಮುಟ್ಟಿಬಿಡುತ್ತಿದ್ದೆ. ಮೈನೆರೆದ ಮೇಲೆ ಅಪ್ಪ ‘ಇನ್ನ ಸಾಕು’ ಅಂದರು. ಅವ್ವ ಆಟದ ಚಡ್ಡಿ ಮಡಚಿ ಟ್ರಂಕಿನ ತಳಕ್ಕೆ ಹಾಕಿದಳು. ಅಣ್ಣ ಕತ್ತಲಾಗುವ ತನಕ ಕ್ರಿಕೆಟ್ ಆಡಿ ಬರುತ್ತಿದ್ದ. ಅವನಿಗೆ ಕಾಲು ತೊಳೆಯಲು ನೀರು ಕೊಡುವುದು ನನ್ನ ಕೆಲಸ. ಈಗ ಮಂಡಿನೋವು, ಸಕ್ಕರೆ ಕಾಯಿಲೆ. ‘ದಿನಾ ಅಡ್ಡಾಡಬೇಕ್ರಿ’ ಅನ್ನುತ್ತಾರೆ ಡಾಕ್ಟರು. ಓಡುವ ವಯಸ್ಸಿನಲ್ಲಿ ಯಾರು ಬಿಟ್ಟರು ಅಂತ ಅವರ ಮುಂದೆ ಹೇಳಲೇ? 5ರಿಂದ 17ರ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈ ಬಿಸಿಯಾಗುವಷ್ಟು ಆಟ–ಓಟ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಗಂಡುಮಕ್ಕಳಿಗೆ ಮಾತ್ರ ಎಂದಿಲ್ಲ. ಕಸ ಗುಡಿಸಿದ್ದನ್ನು ಆ ಲೆಕ್ಕಕ್ಕೆ ಬರೆದುಕೊಳ್ಳಬೇಡಿ.
–ಓದುಗಿ, ರಾಣೆಬೆನ್ನೂರು

ಮಗಳ ಮಾತೆತ್ತಿದ ಪತ್ರ ಇದೊಂದೇ. –ಸಂ.

ನಮ್ಮ ಅಪಾರ್ಟ್‌ಮೆಂಟಿನಲ್ಲಿ ಅಂಗಳವೂ ಇದೆ, ‘ಚೆಂಡಾಟ ನಿಷೇಧ’ ಎಂಬ ಬೋರ್ಡೂ ಇದೆ. ಕಾರಿಗೆ ಗೀರು ಬೀಳುತ್ತದಂತೆ. ಮೊದಲು ಇಂಥ ಅಸೋಸಿಯೇಷನ್‌ಗಳನ್ನು ವಿಚಾರಿಸಿಕೊಳ್ಳಿ.
–ಬೆಂಗಳೂರಿನ ಗೃಹಿಣಿ

ಕನ್ನಡಕದ ಅಂಗಡಿ ನನ್ನದು. ಹಗಲು ಬೆಳಕಿನಲ್ಲಿ ಹೊರಗೆ ಆಡುವ ಮಕ್ಕಳಿಗೆ ಸಮೀಪದೃಷ್ಟಿ ಬರುವ ಸಂಭವ ಕಡಿಮೆ. ವ್ಯಾಪಾರಕ್ಕೆ ನಷ್ಟವಾದರೂ ಹೇಳುತ್ತಿದ್ದೇನೆ.
–ಚಿತ್ರದುರ್ಗ

ತಂದೆಯರಿಂದ, ತಂದೆಯಾಗಿಯೇ ಬರೆದ ಪತ್ರ ಒಂದು ಬಂದಿದೆ. ಪೂರ್ತಿ ಕೊಟ್ಟಿದ್ದೇವೆ. –ಸಂ.

‘ಹೋಗಿ ಆಡು’ ಅಂದರೆ ನನ್ನ ಮಗ ಕದಲುತ್ತಿರಲಿಲ್ಲ. ನಾನು ಅಂಗಡಿ ಮುಚ್ಚುವುದೇ ರಾತ್ರಿ ಒಂಬತ್ತಕ್ಕೆ. ಹಾಗಾಗಿ ಬೆಳಿಗ್ಗೆ ಹಾಲಿಗೆ ಇಬ್ಬರೂ ನಡೆದೇ ಹೋಗುತ್ತೇವೆ, ಭಾನುವಾರ ಶಟಲ್ ಆಡುತ್ತೇವೆ. ಊಟದ ಹೊತ್ತಿಗೆ ಮೊಬೈಲ್‌ಗಳೆಲ್ಲ ಫ್ರಿಜ್ಜಿನ ಮೇಲೆ, ನನ್ನದೂ ಸೇರಿ. ಮೊದಮೊದಲು ಅವನಿಗಿಂತ ನನಗೇ ಕಷ್ಟವಾಯಿತು. ಗಿರಾಕಿ ಫೋನ್ ಬಂದರೆ ಎಂದು ನೆಪ ತೆಗೆಯುತ್ತಿದ್ದೆ. ಈಗ ಅವನೇ ಕಾವಲು. ನನ್ನ ಕೈ ಮೇಲೆ ಹೋದರೆ ‘ಅಪ್ಪಾ, ತಟ್ಟೆ ಇಲ್ಲಿದೆ’ ಅನ್ನುತ್ತಾನೆ.
–ಕಿರಾಣಿ ವ್ಯಾಪಾರಿ, ದಾವಣಗೆರೆ

ತುಮಕೂರಿನ ಆ ತಂದೆಯವರೂ ಬರೆಯಬಹುದು. ಮುಂದಿನ ಸಂಚಿಕೆಯಲ್ಲಿ ಜಾಗ ಬಿಟ್ಟಿರುತ್ತೇವೆ. –ಸಂ.