ಕನೂ ಸ್ಪ್ರಿಂಟ್ ರೇಸಲ್ಲಿ ಟೈಮ್ ನೋಡಿ ಯಾರು ದೊಡ್ಡವರು ಅಂತ ಹೇಳಕ್ಕಾಗತ್ತಾ?

ನದಿಪಾತ್ರ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಪ್ಯಾರಿಸ್ ಒಲಿಂಪಿಕ್ಸ್‌ನ ಕನೂ ಸ್ಪ್ರಿಂಟ್ (ಲೇನಲ್ಲಿ ಪ್ಯಾಡಲ್ ಹಾಕಿ ಓಡಿಸೋ ದೋಣಿ ರೇಸ್) ಫೈನಲ್‌ಗಳನ್ನ ಒಂದೊಂದಾಗಿ ರೀಪ್ಲೇ ನೋಡ್ತಾ ಇದೀನಿ, ಈ ಆಟದ ಹುಚ್ಚು ಹಿಡಿದುಬಿಟ್ಟಿದೆ. ನಾನು ಇಷ್ಟು ದಿನ ನೋಡಿದ್ದು ಅಥ್ಲೆಟಿಕ್ಸ್, ಈಜು. ಅಲ್ಲಿ ಹತ್ತು ವರ್ಷದ ಹಿಂದಿನವರನ್ನೂ ಇವತ್ತಿನವರನ್ನೂ ಟೈಮ್ ಹಿಡಿದು ಅಳೀಬಹುದು. ಇಲ್ಲೂ ಹಾಗೇ ಮಾಡೋಣ ಅಂತ ಟೋಕಿಯೋದು, ಪ್ಯಾರಿಸ್‌ದು ಎರಡೂ ಟೈಮ್ ಬರ್ಕೊಂಡು ಕೂತೆ, ತಲೆಬುಡ ಅರ್ಥ ಆಗ್ಲಿಲ್ಲ.

ಗಂಡಸರ ಸಿ1 (ಒಬ್ಬರೇ ಓಡಿಸೋ ಕನೂ) 1000 ಮೀಟರ್ ತಗೊಳ್ಳಿ. ಟೋಕಿಯೋದಲ್ಲಿ ಬ್ರೆಜಿಲ್‌ನ ಇಸಾಕಿಯಾಸ್ ಕೇರೋಸ್ ಚಿನ್ನ ಗೆದ್ದಿದ್ದು 4:04.408ಕ್ಕೆ. ಪ್ಯಾರಿಸಲ್ಲಿ ಚೆಕ್ ದೇಶದ ಮಾರ್ಟಿನ್ ಫುಕ್ಸಾ ಗೆದ್ದಿದ್ದು 3:43.16ಕ್ಕೆ. 21 ಸೆಕೆಂಡ್ ವ್ಯತ್ಯಾಸ! ಮೂರು ವರ್ಷದಲ್ಲಿ ಅಷ್ಟು ಸುಧಾರಣೆ ಆಗತ್ತಾ? ಹೋಗ್ಲಿ ಪ್ಯಾರಿಸ್ ಕೋರ್ಸೇ ಫಾಸ್ಟ್ ಇರ್ಬೇಕು ಅಂದ್ಕೊಂಡ್ರೆ ಗಂಡಸರ ಕೆ1 (ಒಬ್ಬರೇ ಓಡಿಸೋ ಕಯಾಕ್) 1000 ಪೂರ್ತಿ ಉಲ್ಟಾ, ಟೋಕಿಯೋದಲ್ಲಿ ಹಂಗೇರಿಯ ಬಾಲಿಂಟ್ ಕೊಪಾಸ್ 3:20.643, ಪ್ಯಾರಿಸಲ್ಲಿ ಚೆಕ್‌ನ ಯೋಸೆಫ್ ದೋಸ್ಟಾಲ್ 3:24.07. ಹಾಗಾದ್ರೆ ಈ ಆಟದಲ್ಲಿ ಟೈಮ್‌ಗೆ ಏನಾದ್ರೂ ಬೆಲೆ ಇದೆಯಾ? ಇಲ್ಲ ಅಂದ್ರೆ ನ್ಯೂಜಿಲೆಂಡ್‌ನ ಲಿಸಾ ಕ್ಯಾರಿಂಗ್ಟನ್ ದೊಡ್ಡೋಳಾ ಜರ್ಮನಿಯ ಬಿರ್ಗಿಟ್ ಫಿಶರ್ ದೊಡ್ಡೋಳಾ ಅಂತ ಜನ ಯಾವ ಆಧಾರದ ಮೇಲೆ ಕಿತ್ತಾಡ್ತಾರೆ? ಗೊತ್ತಿರೋರು ಬಿಡಿಸಿ ಹೇಳಿ ಪ್ಲೀಸ್.

ಎದುರುಗಾಳಿ:

ಒಳ್ಳೆ ಪ್ರಶ್ನೆ ಕೇಳಿದೀರ ಸರ್. ಉತ್ತರ ಒಂದೇ ಮಾತು, ಗಾಳಿ. ಕೋರ್ಸಲ್ಲಿ ನೀರು ಹರಿಯಲ್ಲ ನಿಜ, ನಿಂತ ನೀರೇ, ಆದ್ರೆ ಅದರ ಮೇಲೆ ಬೀಸೋ ಗಾಳಿ ನಿಂತಿರಲ್ವಲ್ಲ. ಹಿಂದಿಂದ ಬೀಸಿದ್ರೆ ಎಲ್ಲರ ಟೈಮೂ ಇಳಿಯತ್ತೆ, ಎದುರಿಂದ ಬಂದ್ರೆ ಎಲ್ಲರದೂ ಏರತ್ತೆ. ಬೆಳಿಗ್ಗೆ ಒಂದು ಥರ ಇದ್ರೆ ಮಧ್ಯಾಹ್ನ ಇನ್ನೊಂದು ಥರ. ಇದರ ಜೊತೆಗೆ ನೀರಿನ ಆಳ, ನೀರು ತಣ್ಣಗಿದೆಯಾ ಬೆಚ್ಚಗಿದೆಯಾ ಅನ್ನೋದೂ ಸೇರ್ಕೊಳ್ಳತ್ತೆ. ಟೋಕಿಯೋದಲ್ಲಿ ಕೆ1 1000 ನಡೆದ ದಿನ ಬೇರೆ, ಸಿ1 1000 ನಡೆದ ದಿನ ಬೇರೆ. ಅದಕ್ಕೇ ಒಂದು ಫಾಸ್ಟ್ ಇನ್ನೊಂದು ಸ್ಲೋ ಆಗಿ ಕಾಣೋದು. ಇದೇ ಕಾರಣಕ್ಕೆ ಈ ಆಟದಲ್ಲಿ ವರ್ಲ್ಡ್ ರೆಕಾರ್ಡ್ ಅಂತ ಅನ್ನದೆ ವರ್ಲ್ಡ್ ಬೆಸ್ಟ್ ಟೈಮ್ ಅಂತಾರೆ.

ಸಿ1ಗೆ ಗಾಳಿ ಏಟು ಇನ್ನೂ ಜಾಸ್ತಿ ಬೀಳತ್ತೆ, ಯಾಕೆ ಅಂತ ನೋಡಿ. ಕಯಾಕಲ್ಲಿ ಕೂತ್ಕೊಂಡು ಎರಡೂ ಕಡೆ ಪ್ಯಾಡಲ್ ಹಾಕ್ತಾರೆ, ಕಾಲಲ್ಲಿ ರಡ್ಡರ್ (ದಿಕ್ಕು ತಿರುಗಿಸೋ ಚುಕ್ಕಾಣಿ) ತಿರುಗಿಸ್ತಾರೆ, ಮೈ ನೀರಿಗೆ ಹತ್ರ ಇರತ್ತೆ. ಕನೂದಲ್ಲಿ ಒಂದು ಮಂಡಿ ಊರಿ ಎದ್ದು ನಿಂತ ಹಾಗೆ ಇರ್ತಾರೆ, ಇಡೀ ಎದೆ ಗಾಳಿಗೆ ಸಿಗತ್ತೆ, ರಡ್ಡರ್ ಇಲ್ವೇ ಇಲ್ಲ, ಪ್ಯಾಡಲ್ ಬರೀ ಒಂದೇ ಕಡೆ. ಅಡ್ಡಗಾಳಿ ಬಂತು ಅಂದ್ರೆ ಎಡಗಡೆ ಹಾಕೋರಿಗೆ ಒಂದು ಕಷ್ಟ, ಬಲಗಡೆ ಹಾಕೋರಿಗೆ ಇನ್ನೊಂದು. ಒಬ್ಬ ನೆಟ್ಟಗೆ ಹೋಗ್ತಾ ಇದ್ರೆ ಪಕ್ಕದ ಲೇನವನು ಪ್ರತಿ ಸ್ಟ್ರೋಕ್ ಕೊನೆಯಲ್ಲೂ ಪ್ಯಾಡಲ್ ಹೊರಗೆ ತಿರುಗಿಸಿ ದೋಣಿ ಮೂತಿ ಸರಿ ಮಾಡ್ಕೋಬೇಕು. ರೀಪ್ಲೇನಲ್ಲಿ ಅವರ ಮಣಿಕಟ್ಟು ನೋಡಿ, ಚೆನ್ನಾಗಿ ಕಾಣತ್ತೆ.

ಇನ್ನೊಂದು ಹೇಳ್ತೀನಿ, ಇದನ್ನ ನೋಡಿದ್ರೆ ನಿಮ್ಮ ಅನುಮಾನ ಪೂರ್ತಿ ಹೋಗತ್ತೆ. ಹೆಂಗಸರ ಕೆ1 500, ಟೋಕಿಯೋದಲ್ಲಿ ಕ್ಯಾರಿಂಗ್ಟನ್ ಮೊದಲು, ಹಂಗೇರಿಯ ತಮಾರಾ ಚಿಪೆಶ್ ಎರಡು, ಡೆನ್ಮಾರ್ಕ್‌ನ ಎಮ್ಮಾ ಯೋರ್ಗೆನ್ಸೆನ್ ಮೂರು. ಪ್ಯಾರಿಸಲ್ಲಿ? ಅದೇ ಮೂರು ಜನ, ಅದೇ ಕ್ರಮ! ಆದ್ರೆ ಕ್ಯಾರಿಂಗ್ಟನ್ ಟೈಮ್ ಟೋಕಿಯೋದಲ್ಲಿ 1:51.216, ಪ್ಯಾರಿಸಲ್ಲಿ 1:47.36. ಟೈಮ್ ನಂಬ್ಕೊಂಡ್ರೆ ಮೂರು ವರ್ಷದಲ್ಲಿ ಮೂವರೂ ನಾಲ್ಕು ಸೆಕೆಂಡ್ ಆಸುಪಾಸು ಬೆಳೆದುಬಿಟ್ರು ಅನ್ನಬೇಕು. ಬದಲಾಗಿದ್ದು ಹೆಚ್ಚಾಗಿ ಗಾಳಿ, ನೀರು. ಅವರ ನಡುವಿನ ಲೆಕ್ಕ ಹಾಗೇ ಇತ್ತು. ನಾನಂತೂ ಟೈಮ್ ಕಾಲಂ ಬಿಟ್ಟು ಎಷ್ಟು ಅಂತರದಲ್ಲಿ ಗೆದ್ರು ಅನ್ನೋದನ್ನ ಮಾತ್ರ ನೋಡ್ತೀನಿ.

ಕೊನೆಲೇನ್:

ಮೇಲಿನವರು ಹೇಳಿದ್ದು ಸರಿ, ಆದ್ರೆ ಟೈಮ್ ಪೂರ್ತಿ ಬಿಟ್ಟುಬಿಡಿ ಅನ್ನೋದು ನಂಗೆ ಒಪ್ಪಿಗೆ ಇಲ್ಲ. ಒಂದೇ ರೇಸೊಳಗೆ ಟೈಮೇ ಎಲ್ಲಾ ಹೇಳತ್ತೆ. ಹೆಂಗಸರ ಸಿ1 200 ಪ್ಯಾರಿಸ್ ಫೈನಲ್ ನೋಡಿದ್ರಾ? ಕೆನಡಾದ ಕೇಟಿ ವಿನ್ಸೆಂಟ್ 44.12, ಅಮೆರಿಕಾದ ನೆವಿನ್ ಹ್ಯಾರಿಸನ್ 44.13. ನೂರನೇ ಒಂದು ಸೆಕೆಂಡ್! ಟೋಕಿಯೋ ಚಿನ್ನ ಹ್ಯಾರಿಸನ್‌ದು, ಅಲ್ಲೇ ಮೊದಲ ಸಲ ಹೆಂಗಸರಿಗೆ ಕನೂ ರೇಸ್ ಒಲಿಂಪಿಕ್ಸಲ್ಲಿ ಸಿಕ್ಕಿದ್ದು. ಪ್ಯಾರಿಸಲ್ಲಿ ಗೆರೆ ದಾಟಿದ ಮೇಲೆ ಯಾರು ಗೆದ್ರು ಅಂತ ಕಣ್ಣಲ್ಲಿ ಹೇಳೋಕೆ ಸಾಧ್ಯವೇ ಇರ್ಲಿಲ್ಲ, ಫೋಟೋ ಫಿನಿಶಲ್ಲಿ ದೋಣಿ ಮೂತಿ ನೋಡೇ ಹೇಳಬೇಕು. ಕನೂದಲ್ಲಿ ಪ್ರತಿ ಸ್ಟ್ರೋಕಿಗೂ ದೋಣಿ ಒಮ್ಮೆ ಜಿಗಿದು ಒಮ್ಮೆ ತಡೆದ ಹಾಗೆ ಹೋಗತ್ತೆ, ಹಾಗಾಗಿ ಗೆರೆ ಮುಟ್ಟೋವಾಗ ನಿಮ್ಮ ಸ್ಟ್ರೋಕ್ ಯಾವ ಹಂತದಲ್ಲಿದೆ ಅನ್ನೋದೂ ಪದಕ ತೀರ್ಮಾನ ಮಾಡಬಹುದು.

ರಿಯೋ 2016ರ ಗಂಡಸರ ಕೆ1 200ರಲ್ಲಂತೂ ಕಂಚಿಗೆ ಸ್ಪೇನ್‌ನ ಸಾಉಲ್ ಕ್ರಾವಿಯೊಟ್ಟೊ, ಜರ್ಮನಿಯ ರೊನಾಲ್ಡ್ ರೌಹೆ ಇಬ್ಬರನ್ನೂ ಬೇರೆ ಮಾಡೋಕೇ ಆಗ್ಲಿಲ್ಲ, ಇಬ್ಬರಿಗೂ ಕಂಚು ಕೊಟ್ರು. ಅದೇ ರೌಹೆ ಟೋಕಿಯೋದಲ್ಲಿ 39ನೇ ವಯಸ್ಸಲ್ಲಿ ಕೆ4 (ನಾಲ್ಕು ಜನರ ಕಯಾಕ್) 500 ಚಿನ್ನ ಗೆದ್ದ, ನಂಗೆ ಈ ಆಟದಲ್ಲಿ ತುಂಬಾ ಇಷ್ಟ ಆದ ವಿಷಯಗಳಲ್ಲಿ ಅದೊಂದು.

ಆದ್ರೆ ಹೀಟ್ಸ್ (ಮೊದಲ ಸುತ್ತು) ಟೈಮ್ ಹಿಡ್ಕೊಂಡು ಕೂರಬೇಡಿ. ಮುಂದಿನ ಸುತ್ತಿಗೆ ಹೋಗೋಕೆ ಬೇಕಾದ ಸ್ಥಾನ ಗ್ಯಾರಂಟಿ ಆದ ತಕ್ಷಣ ದೊಡ್ಡ ಆಟಗಾರರು ಕೈ ಸಡಿಲ ಬಿಟ್ಟುಬಿಡ್ತಾರೆ. ಒಂದೇ ವಾರದಲ್ಲಿ ಎರಡು ಮೂರು ಈವೆಂಟ್ ಇರೋರು ಶಕ್ತಿ ಉಳಿಸ್ಕೊಳ್ಳಲೇಬೇಕು.

ಹಳೇ ಪ್ಯಾಡಲ್:

ಕ್ಯಾರಿಂಗ್ಟನ್ ಫಿಶರ್ ವಿಷಯಕ್ಕೆ ನಾನು ಬರ್ತೀನಿ, ಯಾಕಂದ್ರೆ ಇದರ ಬಗ್ಗೆ ತುಂಬಾ ಯೋಚ್ನೆ ಮಾಡಿದೀನಿ.

ಚಿನ್ನ ಇಬ್ಬರದೂ ಎಂಟೆಂಟು. ಫಿಶರ್‌ಗೆ ಜೊತೆಗೆ ನಾಲ್ಕು ಬೆಳ್ಳಿ, ಕ್ಯಾರಿಂಗ್ಟನ್‌ಗೆ ಒಂದು ಕಂಚು. ಬರೀ ಎಣಿಸಿದ್ರೆ ಫಿಶರ್ ಮುಂದೆ. ಆದ್ರೆ ಎಣಿಕೆ ಹಿಂದೆ ಏನಿದೆ ನೋಡಿ. ಫಿಶರ್ ಮೊದಲ ಚಿನ್ನ 1980ರ ಮಾಸ್ಕೋದಲ್ಲಿ ಕೆ1 500, ಆಗ ವಯಸ್ಸು 18. ಕೊನೇ ಚಿನ್ನ 2004ರ ಅಥೆನ್ಸಲ್ಲಿ ಕೆ4, ಆಗ 42. ಮಧ್ಯೆ 1984ರಲ್ಲಿ ಪೂರ್ವ ಜರ್ಮನಿ ಲಾಸ್ ಏಂಜಲೀಸ್‌ಗೆ ಹೋಗ್ಲೇ ಇಲ್ಲ, ಬಹಿಷ್ಕಾರ, ಹಾಗಾಗಿ ಮೈಯಲ್ಲಿ ಕಸುವಿದ್ದ ಕಾಲದ ಒಂದು ಒಲಿಂಪಿಕ್ಸ್ ಹಾಗೇ ಹೋಯ್ತು. ಆಕೆ ಆಡ್ತಿದ್ದಾಗ ಒಲಿಂಪಿಕ್ಸಲ್ಲಿ ಹೆಂಗಸರಿಗೆ ಇದ್ದಿದ್ದು ಬರೀ 500 ಮೀಟರ್ ಕಯಾಕ್. ಆ 24 ವರ್ಷದಲ್ಲಿ ದೇಶ ಬದಲಾಯ್ತು, ಪೂರ್ವ ಜರ್ಮನಿ ಹೋಗಿ ಒಂದೇ ಜರ್ಮನಿ ಆಯ್ತು, ಪ್ಯಾಡಲ್ ಕೂಡ ಬದಲಾಯ್ತು, ಚಪ್ಪಟೆ ಪ್ಯಾಡಲ್ ಹೋಗಿ 80ರ ದಶಕದಲ್ಲಿ ರೆಕ್ಕೆ ಆಕಾರದ ವಿಂಗ್ ಪ್ಯಾಡಲ್ ಬಂತು, ಅದಕ್ಕೆ ಕೈ ಓಡೋ ದಾರಿಯೇ ಬೇರೆ, ಮೈಗೆ ಹತ್ತಿದ ಅಭ್ಯಾಸ ಕಿತ್ತುಹಾಕಿ ಹೊಸದಾಗಿ ಕಲೀಬೇಕು. ಕಲಿತು ಮತ್ತೆ ಗೆದ್ಲು.

ಕ್ಯಾರಿಂಗ್ಟನ್ ದಾರಿ ಬೇರೆ. ಲಂಡನ್, ರಿಯೋ, ಟೋಕಿಯೋ ಮೂರರಲ್ಲೂ ಕೆ1 200 ಚಿನ್ನ. ಆಮೇಲೆ ಆ ಈವೆಂಟನ್ನೇ ಒಲಿಂಪಿಕ್ಸಿಂದ ತೆಗೆದುಹಾಕಿದ್ರು. ಅವಳ ಅತಿ ಗಟ್ಟಿ ರೇಸ್ ಹೋಯ್ತು ಅಂತ ನಾವೆಲ್ಲ ಬೇಜಾರು ಮಾಡ್ಕೊಂಡ್ವಿ. ಅವಳು ಪ್ಯಾರಿಸಿಗೆ 35ನೇ ವಯಸ್ಸಲ್ಲಿ ಬಂದು ಕೆ4, ಕೆ2, ಕೆ1 ಮೂರೂ 500 ಮೀಟರ್ ಚಿನ್ನ, ಸತತ ಮೂರು ದಿನ, ದಿನಕ್ಕೊಂದು! 200 ಅಂದ್ರೆ ಶುರುವಿಂದ ಕೊನೆವರೆಗೆ ಪೂರ್ತಿ ಜೋರು, ಸುಮಾರು 40 ಸೆಕೆಂಡಿನ ಕೆಲಸ. 500 ಅಂದ್ರೆ ಎರಡು ನಿಮಿಷದ ಹತ್ರ, ಕೊನೇ 150 ಮೀಟರಲ್ಲಿ ತೋಳು ಕಲ್ಲಾಗಿರತ್ತೆ. ಎರಡರಲ್ಲೂ ಒಬ್ಬಳೇ ಮೇಲಿರೋದು ಸಣ್ಣ ಮಾತಲ್ಲ.

ನನ್ನ ಅಭಿಪ್ರಾಯ ಕೇಳಿದ್ರೆ ಎಷ್ಟು ಕಾಲ ಬಾಳಿದ್ಲು ಅನ್ನೋದರಲ್ಲಿ ಫಿಶರ್, ಒಬ್ಬಳೇ ದೋಣಿಯಲ್ಲಿ ಕೂತಾಗ ಕ್ಯಾರಿಂಗ್ಟನ್. ಕ್ಯಾರಿಂಗ್ಟನ್ ಎಂಟರಲ್ಲಿ ಐದು ಕೆ1ದು, ಫಿಶರ್‌ಗೆ ಕೆ1 ಚಿನ್ನ ಎರಡು, 1980 ಮತ್ತು 1992. ಆದ್ರೆ ಆಗ 200 ಇರ್ಲಿಲ್ಲ ಅನ್ನೋದನ್ನ ಮರೀಬಾರ್ದು.

ನದಿಪಾತ್ರ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್, ಕೆ1 500 ಮೂರು ಜನರ ಉದಾಹರಣೆ ಸಖತ್ತಾಗಿತ್ತು, ಎರಡೂ ರೇಸ್ ಈಗ ಮತ್ತೆ ನೋಡ್ದೆ. ಹಾಗಾದ್ರೆ ಗಡಿಯಾರ ಬಿಟ್ಟು ಏನು ನೋಡ್ಬೇಕು ಅಂತ ಒಂದೆರಡು ಹೇಳಿ. ಮತ್ತೆ ಒಂದೇ ದೇಶದ ಇಬ್ಬರು ಒಂದೇ ಫೈನಲ್ಲಲ್ಲಿ ಇರೋದು ಹೇಗೆ?

ಎದುರುಗಾಳಿ:

ಎರಡನೇದು ಮೊದಲು. ಒಂಟಿ ದೋಣಿಯಲ್ಲಿ ಒಂದು ದೇಶದಿಂದ ಇಬ್ಬರು ಬರಬಹುದು. ಕೊಪಾಸ್ ಮತ್ತು ಆದಮ್ ವರ್ಗಾ ಇಬ್ಬರೂ ಹಂಗೇರಿ, ಟೋಕಿಯೋ ಕೆ1 1000ರಲ್ಲಿ ಚಿನ್ನ ಬೆಳ್ಳಿ ಇಬ್ಬರದೇ. ಪ್ಯಾರಿಸಲ್ಲಿ ದೋಸ್ಟಾಲ್ ಚಿನ್ನ ತಗೊಂಡ, ವರ್ಗಾ ಬೆಳ್ಳಿ, ಕೊಪಾಸ್ ಕಂಚು. ಹಂಗೇರಿಯಲ್ಲಿ ಈ ಆಟಕ್ಕೆ ಇರೋ ಪೈಪೋಟಿ ಎಂಥದ್ದು ಅಂದ್ರೆ ಸ್ವಂತ ದೇಶದ ಟ್ರಯಲ್ಸ್ ದಾಟೋದೇ ದೊಡ್ಡ ರೇಸ್.

ಏನು ನೋಡ್ಬೇಕು ಅಂದ್ರೆ ಮೊದಲು ಸ್ಟಾರ್ಟ್ ನೋಡಿ. ಎಲ್ಲಾ ದೋಣಿಗಳ ಮೂತಿನೂ ಗೇಟಿನ ಒಳಗೆ ಹಿಡಿದಿರತ್ತೆ, ಸಿಗ್ನಲ್ ಬಿದ್ದ ಕ್ಷಣ ಗೇಟು ನೀರೊಳಗೆ ಇಳಿಯತ್ತೆ. ಅದಕ್ಕೂ ಮುಂಚೆ ಆತುರ ಬಿದ್ದು ಪ್ಯಾಡಲ್ ಹಾಕಿದ್ರೆ ಗೇಟಿಗೇ ಗುದ್ದಿ ಅಲ್ಲೇ ಲಯ ಕೆಡತ್ತೆ. ಆಮೇಲೆ ಪಕ್ಕದ ಲೇನಿನ ಕಡೆ ಯಾರು ವಾಲ್ತಿದಾರೆ ನೋಡಿ, 1000 ಮೀಟರ್‌ವರೆಗಿನ ರೇಸಲ್ಲಿ ಪಕ್ಕದವರ ಅಲೆ ಮೇಲೆ ಸವಾರಿ ಮಾಡೋ ಹಾಗಿಲ್ಲ, ನಿಮ್ಮ ಲೇನಲ್ಲೇ ಇರ್ಬೇಕು. 5000 ಮೀಟರಲ್ಲಿ ಮಾತ್ರ ಅಲೆ ಹಿಡಿಯೋದೇ ಆಟ, ವರ್ಲ್ಡ್ ಚಾಂಪಿಯನ್‌ಶಿಪ್‌ನಲ್ಲಿ ಅದನ್ನೂ ನೋಡಿ, ಪೂರ್ತಿ ಬೇರೆ ಲೋಕ.

ಹಳೇ ಪ್ಯಾಡಲ್:

ನಾನೂ ಒಂದು ಸೇರಿಸ್ತೀನಿ. ಗೆರೆ ದಾಟೋವರೆಗೆ ಕಣ್ಣು ತೆಗೀಬೇಡಿ. 2014ರ ಮಾಸ್ಕೋ ವರ್ಲ್ಡ್ ಚಾಂಪಿಯನ್‌ಶಿಪ್‌ನಲ್ಲಿ ಇದೇ ಕೇರೋಸ್ ಸಿ1 1000 ಫೈನಲ್ಲಲ್ಲಿ ಮುಂದಿದ್ದ, ಇನ್ನು ಕೆಲವೇ ಮೀಟರ್ ಅನ್ನೋವಾಗ ನೀರಿಗೆ ಬಿದ್ದ. ದೋಣಿ ಒಂದೇ ಗೆರೆ ದಾಟಿದ್ರೆ ಲೆಕ್ಕಕ್ಕಿಲ್ಲ, ಆಟಗಾರ ಒಳಗೆ ಇರಲೇಬೇಕು. ಏಳು ವರ್ಷ ಆದ್ಮೇಲೆ ನೀವು ಮೇಲೆ ಬರೆದ 4:04.408 ಬಂತು, ಹಾಗಾಗಿ ಆ ಟೈಮ್ ಸ್ಲೋ ಅಂತ ನಂಗೆ ಯಾವತ್ತೂ ಅನ್ಸಿಲ್ಲ.

ಇನ್ನೂ ಹಿಂದಕ್ಕೆ ಹೋದ್ರೆ ರೊಮೇನಿಯಾದ ಇವಾನ್ ಪಟ್ಸೈಕಿನ್, 1972 ಮ್ಯೂನಿಕ್. ಸಿ1 1000 ಹೀಟ್ಸಲ್ಲಿ ಹೊರಟ ಸ್ವಲ್ಪ ದೂರಕ್ಕೇ ಪ್ಯಾಡಲ್ ಮುರೀತು. ಸಿ1 ಅಂದ್ರೆ ಇರೋದೇ ಒಂದು ಅಲಗು, ಅದೂ ಹೋಯ್ತು. ಆ ಮನುಷ್ಯ ನಿಲ್ಲಿಸ್ಲಿಲ್ಲ, ಮುರಿದ ತುಂಡಲ್ಲೇ ನೀರು ತಳ್ಕೊಂಡು ಉಳಿದೋರೆಲ್ಲ ಮುಗಿಸಿ ಎಷ್ಟೋ ಹೊತ್ತಾದ ಮೇಲೆ ಬಂದು ಗೆರೆ ದಾಟಿದ. ಪೂರ್ತಿ ಮುಗಿಸಿದ್ರಿಂದ ರೆಪಶಾಜ್‌ನಲ್ಲಿ (ಹೀಟ್ಸಲ್ಲಿ ಹಿಂದೆ ಬಿದ್ದೋರ ಸುತ್ತು) ಇನ್ನೊಂದು ಅವಕಾಶ ಸಿಕ್ತು. ಅಲ್ಲಿಂದ ಫೈನಲ್, ಫೈನಲ್ಲಲ್ಲಿ ಚಿನ್ನ.