ಸಹಾಯ ಬೇಕು: ಎಸಿಎಲ್ ಆಪರೇಷನ್‌ಗೆ ಯಾವ ಟೆಂಡನ್ ಒಳ್ಳೆಯದು?

ನಮಸ್ಕಾರ. ನಾವು ಶಿರಸಿ ಕಡೆಯ ಹಳ್ಳಿಯವರು. ಕಬಡ್ಡಿ ಆಡುವಾಗ ತಮ್ಮನ ಮಂಡಿ ತಿರುಚಿತು. ಎಂಆರ್‌ಐನಲ್ಲಿ ಎಸಿಎಲ್ (ಮಂಡಿಯೊಳಗೆ ತೊಡೆಮೂಳೆ, ಕಾಲುಮೂಳೆ ಹಿಡಿದಿಡುವ ಕಟ್ಟುನಾರು) ಪೂರ್ತಿ ಹರಿದಿದೆ ಅಂತ ಬಂದಿದೆ. ಫಿಸಿಯೋಥೆರಪಿ ಮಾಡಿಸಿದ್ದೇವೆ. ಬಾವು ಇಳಿದಿದೆ, ಆದರೆ ತಟ್ಟನೆ ತಿರುಗಿದರೆ ಮಂಡಿ ಜಾರಿದ ಹಾಗಾಗುತ್ತದೆ. ಎಣ್ಣೆ ಹಚ್ಚಿ ಕಟ್ಟು ಹಾಕಿ ಅನ್ನುವವರು ದಯವಿಟ್ಟು ಸುಮ್ನಿರಿ!

ಹುಬ್ಬಳ್ಳಿಯ ಡಾಕ್ಟರ್ ತೊಡೆ ಹಿಂದಿನ ಹ್ಯಾಮ್‌ಸ್ಟ್ರಿಂಗ್ ಸ್ನಾಯುವಿನ ಟೆಂಡನ್ (ಸ್ನಾಯುವನ್ನು ಮೂಳೆಗೆ ಕಟ್ಟುವ ನಾರು) ತೆಗೆದು, ಹರಿದ ಎಸಿಎಲ್ ಜಾಗಕ್ಕೆ ಜೋಡಿಸೋಣ ಅಂತಾರೆ. ಮಂಗಳೂರಿನವರು ಮಂಡಿ ಚಿಪ್ಪಿನ ಕೆಳಗಿನ ಟೆಂಡನ್ ಅಂತಾರೆ, ಎರಡೂ ತುದಿಯಲ್ಲಿ ಮೂಳೆ ಚೂರು ಸಮೇತ. ಮೂಳೆಗೆ ಮೂಳೆ ಬೇಗ ಕೂಡುತ್ತದೆ, ನಿಜ. ಆದರೆ ಆಮೇಲೆ ಮಂಡಿಯೂರಿದರೆ ಮುಂಭಾಗದಲ್ಲಿ ನೋವು ಬರೋದು ಜಾಸ್ತಿಯಂತೆ. ಹ್ಯಾಮ್‌ಸ್ಟ್ರಿಂಗ್‌ನಲ್ಲಿ ಆ ಕಾಟ ಕಡಿಮೆ, ಆದರೆ ಕಾಲು ಮಡಚುವ ಬಲ ಸ್ವಲ್ಪ ತಗ್ಗಬಹುದು.

ಗೊಂದಲ ಇಲ್ಲೇ. ತಮ್ಮ ಕೊನೆಕೊಯ್ಲಿಗೆ (ಅಡಿಕೆ ಗೊನೆ ಕೊಯ್ಯಲು) ಮರ ಹತ್ತುವವನು. ಕಾಲು ಮಡಚಿ ಮೇಲೇರಬೇಕು, ತೋಟದಲ್ಲಿ ಮಂಡಿಯೂರಿ ಕೂರಬೇಕು. ಎರಡೂ ಬೇಕಲ್ವಾ? ಕಬಡ್ಡಿ ಬಿಟ್ಟರೂ ನಡೆಯುತ್ತದೆ.

ತೋಟದ ಕೆಲಸ ಮಾಡುವವರು ಯಾರಾದರೂ ಈ ಆಪರೇಷನ್ ಮಾಡಿಸಿಕೊಂಡಿದ್ದೀರಾ? ಯಾವ ಟೆಂಡನ್ ಹಾಕಿದರು? ಮತ್ತೆ ಮರ ಹತ್ತಲು ಎಷ್ಟು ತಿಂಗಳು ಬೇಕಾಯಿತು? ಮಂಡಿಯೂರಿದರೆ ಈಗಲೂ ನೋವಿದೆಯಾ?